ತೂಕ ಇಳಿಸುವ ಸರ್ಜರಿ ನಂತರ ಮನೆಯಲ್ಲಿ ನೋವು ನಿಭಾಯಿಸುವುದು ಹೇಗೆ? ಯಾವ ಮಾತ್ರೆ ಬೇಡ, ಯಾವ ನೋವು ಅಪಾಯದ ಸೂಚನೆ?

ತೂಕ ಇಳಿಸುವ ಶಸ್ತ್ರಚಿಕಿತ್ಸೆ, ಅಂದರೆ ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರನ್ನು ಈಗ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲೇ ಮನೆಗೆ ಕಳುಹಿಸುತ್ತಾರೆ. ಹೊತ್ತಿಗೆ ಸರಿಯಾಗಿ ಔಷಧಿ ಕೊಡುವುದು, ಜ್ವರ ಮತ್ತು ನಾಡಿ ನೋಡುವುದು ಅಲ್ಲಿಂದ ಮುಂದೆ ಮನೆಯವರ ಕೆಲಸ. ಹೆಚ್ಚಿನವರಿಗೆ ಈ ನೋವು ಸಹಿಸಲಾಗದಂಥದ್ದೇನಲ್ಲ. ತೊಂದರೆಯಾಗುವುದು ಎರಡು ಸಂದರ್ಭಗಳಲ್ಲಿ: ಮೆಡಿಕಲ್ ಶಾಪ್‌ನಿಂದ ತಪ್ಪು ಮಾತ್ರೆ ತಂದು ನುಂಗಿದಾಗ ಮತ್ತು ಅಪಾಯದ ನೋವನ್ನು ‘ಆಪರೇಷನ್ ಆದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಿದ್ದಾಗ.

ನೋವು ಎಲ್ಲಿಂದ ಬರುತ್ತದೆ?

ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಶೇ 75ರಿಂದ 80ರಷ್ಟು ಭಾಗವನ್ನು ತೆಗೆದು, ಉಳಿದದ್ದನ್ನು ಕೊಳವೆಯ ಆಕಾರಕ್ಕೆ ತರುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಿಂದ ಸಣ್ಣ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡನ್ನೂ ಬಹುತೇಕ ಲ್ಯಾಪರೊಸ್ಕೋಪಿ ಮೂಲಕ, ಹೊಟ್ಟೆಯ ಮೇಲೆ ಕೆಲವು ಸಣ್ಣ ರಂಧ್ರಗಳನ್ನು ಮಾಡಿ ನಡೆಸುತ್ತಾರೆ. ಈ ರಂಧ್ರಗಳ ಜಾಗದಲ್ಲಿ ಎದ್ದಾಗ, ಕೆಮ್ಮಿದಾಗ, ಮಗ್ಗುಲಾದಾಗ ಚುಚ್ಚಿದಂತೆ ನೋವಾಗುವುದು ಸಹಜ. ರಂಧ್ರಗಳಲ್ಲಿ ದೊಡ್ಡದಾಗಿರುವ ಒಂದರ ಬಳಿ ನೋವು ಹೆಚ್ಚಿರಬಹುದು.

ಇನ್ನೊಂದು ನೋವು ಹಲವರನ್ನು ಗಾಬರಿಗೊಳಿಸುತ್ತದೆ. ಆಪರೇಷನ್ ಆಗಿರುವುದು ಹೊಟ್ಟೆಗೆ, ನೋಯುವುದು ಭುಜ! ಸರ್ಜರಿ ವೇಳೆ ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈ ಆಕ್ಸೈಡ್ ಅನಿಲ ತುಂಬುತ್ತಾರೆ. ಅದು ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಮತ್ತು ಭುಜದ ನರಗಳು ಕುತ್ತಿಗೆಯ ಒಂದೇ ಭಾಗದಿಂದ ಹೊರಡುವುದರಿಂದ ಮೆದುಳಿಗೆ ಅದು ಭುಜದ ನೋವಾಗಿ ತೋರುತ್ತದೆ. ಕೆಲವು ದಿನಗಳಲ್ಲಿ ಇದು ತಾನಾಗಿಯೇ ಕಡಿಮೆಯಾಗುತ್ತದೆ.

ಎಲ್ಲಕ್ಕೂ ಒಂದೇ ಅಳತೆಗೋಲು ನೆನಪಿಡಿ: ಸಹಜ ನೋವು ದಿನದಿಂದ ದಿನಕ್ಕೆ ಇಳಿಯುತ್ತದೆ. ಇಳಿಯುತ್ತಿದ್ದ ನೋವು ಮತ್ತೆ ಏರತೊಡಗಿದರೆ ಅದನ್ನು ಮಾತ್ರೆಯಿಂದ ಅಡಗಿಸಬೇಡಿ, ಸರ್ಜನ್‌ಗೆ ತಿಳಿಸಿ.

ಪ್ಯಾರಾಸಿಟಮಾಲ್: ಲೆಕ್ಕ ತಪ್ಪಬಾರದು

ಮನೆಗೆ ಬಂದ ಮೇಲೆ ಮುಖ್ಯವಾಗಿ ಬಳಸುವ ನೋವಿನ ಔಷಧಿ ಪ್ಯಾರಾಸಿಟಮಾಲ್. ಮೊದಲ ಕೆಲವು ದಿನ ನೋವು ಜೋರಾಗುವವರೆಗೆ ಕಾಯದೆ, ಬರೆದುಕೊಟ್ಟ ಸಮಯಕ್ಕೆ ತೆಗೆದುಕೊಂಡರೆ ಹೆಚ್ಚು ಉಪಯೋಗ. ನೋವು ಹಿಡಿತದಲ್ಲಿದ್ದರೆ ಓಡಾಡಲು, ಆಳವಾಗಿ ಉಸಿರಾಡಲು ಆಗುತ್ತದೆ. ಚೇತರಿಕೆಗೆ ಇವೆರಡೂ ಬೇಕು.

ವಯಸ್ಕರಿಗೆ 24 ಗಂಟೆಗಳಲ್ಲಿ ಗರಿಷ್ಠ ಮಿತಿ 4 ಗ್ರಾಂ, ಅಂದರೆ 4000 ಮಿಲಿಗ್ರಾಂ. ಎಲ್ಲ ಔಷಧಿಗಳಲ್ಲಿರುವ ಪ್ಯಾರಾಸಿಟಮಾಲ್ ಸೇರಿ ಈ ಲೆಕ್ಕ. ಬೊಜ್ಜು ಇರುವವರಲ್ಲಿ ಫ್ಯಾಟಿ ಲಿವರ್ ಸಾಮಾನ್ಯ. ಯಕೃತ್ತಿನ ತೊಂದರೆ ಇದ್ದರೆ ವೈದ್ಯರು ಇದಕ್ಕಿಂತ ಕಡಿಮೆ ಮಿತಿ ಹೇಳಬಹುದು, ಅದನ್ನೇ ಪಾಲಿಸಿ. ಶೀತ, ಜ್ವರದ ಅನೇಕ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಹೆಸರು ಬೇರೆ ಎಂದು ಎರಡನ್ನೂ ನುಂಗಿದರೆ ಡೋಸ್ ದುಪ್ಪಟ್ಟಾಗುತ್ತದೆ.

ಈ ಮಾತ್ರೆಗಳನ್ನು ಮುಟ್ಟಬೇಡಿ

ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್, ಆಸ್ಪಿರಿನ್. ಇವೆಲ್ಲ ಎನ್‌ಎಸ್‌ಎಐಡಿ ಎಂಬ ಒಂದೇ ಗುಂಪಿನ ಔಷಧಿಗಳು. ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪಾದನೆಯನ್ನು ಇವು ತಗ್ಗಿಸುತ್ತವೆ. ಬೈಪಾಸ್ ಆದವರಲ್ಲಿ ಜಠರದ ಚೀಲ ಮತ್ತು ಕರುಳು ಕೂಡುವ ಜಾಗ ಮೊದಲೇ ನಾಜೂಕು. ಅಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ತೂತೂ ಬೀಳಬಹುದು. ಧೂಮಪಾನ ಈ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ.

2019ರಲ್ಲಿ ಪರಿಷ್ಕರಿಸಿದ ಅಮೆರಿಕದ ವೈದ್ಯ ಸಂಘಗಳ ಜಂಟಿ ಮಾರ್ಗಸೂಚಿಯೂ ಬೇರಿಯಾಟ್ರಿಕ್ ಸರ್ಜರಿ ನಂತರ ಈ ಗುಂಪಿನ ಔಷಧಿಗಳನ್ನು ಸಾಧ್ಯವಾದಷ್ಟು ಸಂಪೂರ್ಣವಾಗಿ ದೂರವಿಡಬೇಕು ಎನ್ನುತ್ತದೆ. ಬೈಪಾಸ್ ಆದವರಿಗೆ ಇದು ಜೀವನಪೂರ್ತಿ ಅನ್ವಯಿಸುವ ಮಾತು. ಸ್ಲೀವ್ ಆದವರೂ ಸರ್ಜನ್ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳಬಾರದು.

ನಮ್ಮಲ್ಲಿ ಬ್ರ್ಯಾಂಡ್ ಹೆಸರುಗಳಿಂದಲೇ ಮೋಸ ಹೋಗುವುದು ಹೆಚ್ಚು. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್ ಇದೆ. ಡಿಸ್ಪ್ರಿನ್ ಎಂದರೆ ಆಸ್ಪಿರಿನ್. ಮುಟ್ಟಿನ ಹೊಟ್ಟೆನೋವಿಗೆ ನುಂಗುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆಸಿಡ್ ಇದೆ. ಸ್ಟ್ರಿಪ್ ಹಿಂಭಾಗದಲ್ಲಿ ಬರೆದಿರುವ ಔಷಧಿಯ ಹೆಸರು ಓದದೆ ಯಾವುದನ್ನೂ ನುಂಗಬೇಡಿ. ‘ಮಾತ್ರೆ ಬೇಡ, ಇಂಜೆಕ್ಷನ್ ಆದರೆ ಪರವಾಗಿಲ್ಲ’ ಎಂಬುದೂ ಸರಿಯಲ್ಲ. ಇಂಜೆಕ್ಷನ್ ಕೊಟ್ಟರೂ ಅದು ರಕ್ತದ ಮೂಲಕ ಜಠರದ ರಕ್ಷಣೆಯನ್ನು ಕುಗ್ಗಿಸುತ್ತದೆ. ಹೃದಯಕ್ಕಾಗಿ ಕಡಿಮೆ ಡೋಸ್ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ಹೃದ್ರೋಗ ತಜ್ಞರು ಮತ್ತು ಸರ್ಜನ್ ಇಬ್ಬರನ್ನೂ ಕೇಳಿ.

ಟ್ರಮಡಾಲ್ ಬರೆದುಕೊಟ್ಟಿದ್ದರೆ

ನೋವು ಹೆಚ್ಚಿದ್ದರೆ ಕೆಲವು ದಿನಕ್ಕೆ ಟ್ರಮಡಾಲ್ ಕೊಡುವುದುಂಟು. ಇದು ಓಪಿಯಾಯ್ಡ್ ಜಾತಿಯ ಔಷಧಿ. 2018ರಿಂದ ನಮ್ಮ ದೇಶದಲ್ಲಿ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಯಲ್ಲಿದೆ. ವಾಕರಿಕೆ, ಮಂಪರು, ಮಲಬದ್ಧತೆ ಇದರ ಅಡ್ಡಪರಿಣಾಮಗಳು. ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದ್ದವರಿಗೆ ಇದು ಅಪಾಯಕಾರಿಯಾಗಬಹುದು. ಸಿಪ್ಯಾಪ್ ಯಂತ್ರ ಬಳಸುವವರು ಹಗಲು ನಿದ್ದೆಗೂ ಅದನ್ನು ಹಾಕಿಕೊಳ್ಳಬೇಕು. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮದ್ಯ, ನಿದ್ರೆ ಮಾತ್ರೆ ಜೊತೆಗೆ ಬೇಡವೇ ಬೇಡ. ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿಸಿದ ಮಾತ್ರೆಗಳೂ ಇವೆ, ಅದನ್ನೂ ದಿನದ ಲೆಕ್ಕಕ್ಕೆ ಹಿಡಿಯಿರಿ.

ಮೊದಲ ವಾರಗಳಲ್ಲಿ ದೊಡ್ಡ ಮಾತ್ರೆ ಸಿಕ್ಕಿಹಾಕಿಕೊಂಡಂತಾಗಿ ಎದೆಯ ಕೆಳಗೆ ನೋವಾಗಬಹುದು. ದ್ರವರೂಪದ ಔಷಧಿ ಅಥವಾ ಪುಡಿ ಮಾಡಬಹುದಾದ ಮಾತ್ರೆ ಬರೆದುಕೊಡಲು ಕೇಳಿ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳು ನಿಧಾನವಾಗಿ ಔಷಧಿ ಬಿಡುವಂಥವು. ಅವನ್ನು ಪುಡಿ ಮಾಡಿದರೆ ಇಡೀ ಡೋಸ್ ಒಮ್ಮೆಲೇ ದೇಹ ಸೇರುತ್ತದೆ.

ಮಾತ್ರೆಯಿಲ್ಲದೆ ನೋವು ತಗ್ಗಿಸಲು

* ಎಚ್ಚರವಿರುವಾಗ ಗಂಟೆ, ಎರಡು ಗಂಟೆಗೊಮ್ಮೆ ಐದು ಹತ್ತು ನಿಮಿಷ ಮನೆಯೊಳಗೇ ನಡೆಯಿರಿ. ಹೊಟ್ಟೆಯ ಗ್ಯಾಸ್ ಸಂಕಟ ತಗ್ಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಿಮೆಯಾಗುತ್ತದೆ.
* ಕೆಮ್ಮುವಾಗ, ಸೀನುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ.
* ಹಾಸಿಗೆಯಿಂದ ನೇರವಾಗಿ ಮೇಲೇಳಬೇಡಿ. ಮಗ್ಗುಲಿಗೆ ತಿರುಗಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಿ. ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಒರಗಿ ಮಲಗಿದರೆ ಹಿತ.
* ಗಾಯದ ಸುತ್ತ ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕ್ ಹತ್ತು ನಿಮಿಷ ಇಡಬಹುದು. ಭುಜಕ್ಕೆ ಹದವಾದ ಬಿಸಿ ಶಾಖ ಸಾಕು. ಗಾಯದ ಮೇಲೆ ಬಿಸಿನೀರಿನ ಚೀಲ, ಬಾಮ್, ಅರಿಶಿನ, ಎಣ್ಣೆ ಯಾವುದೂ ಬೇಡ.
* ನಾಲ್ಕರಿಂದ ಆರು ವಾರ ಭಾರ ಎತ್ತಬೇಡಿ. ತುಂಬಿದ ಬಕೆಟ್, ಅಡುಗೆ ಗ್ಯಾಸ್ ಸಿಲಿಂಡರ್, ಎತ್ತಿಕೊಳ್ಳಲು ಹಟ ಮಾಡುವ ಮಗು, ಎಲ್ಲವೂ ಈ ಪಟ್ಟಿಗೆ ಸೇರುತ್ತವೆ.

ಕುಡಿಯುವ ರೀತಿಯಿಂದಲೂ ನೋವಾಗುತ್ತದೆ. ಹೊಸ ಜಠರಕ್ಕೆ ಜಾಗ ಕಡಿಮೆ. ಒಂದೇ ಗುಟುಕಿಗೆ ಅರ್ಧ ಲೋಟ ನೀರು ಕುಡಿದರೆ ಎದೆಗೂಡಿನ ಕೆಳಗೆ ಹಿಂಡಿದಂತಾಗುತ್ತದೆ. ನೀರು, ತೆಳು ಮಜ್ಜಿಗೆ, ಖಾರವಿಲ್ಲದ ಬೇಳೆ ಕಟ್ಟು, ಯಾವುದೇ ಆದರೂ ಚಮಚದಷ್ಟು ಗುಟುಕರಿಸಿ, ದಿನವಿಡೀ ಹಂಚಿ ಕುಡಿಯಿರಿ. ಸೋಡಾ, ಕೋಲಾ ಬೇಡ. ನೀರು ಕಡಿಮೆಯಾದರೆ ಮಲಬದ್ಧತೆ, ಅದರಿಂದ ಮತ್ತೆ ಹೊಟ್ಟೆನೋವು. ಇಸಬ್‌ಗೋಲ್‌ನಂಥ ಮನೆಮದ್ದನ್ನು ಈ ಹಂತದಲ್ಲಿ ಕೇಳದೆ ತೆಗೆದುಕೊಳ್ಳಬೇಡಿ, ಅದು ಜಠರದೊಳಗೆ ಉಬ್ಬುತ್ತದೆ.

ಹೀಗಾದರೆ ಕಾಯಬೇಡಿ

ಸರ್ಜರಿಯಲ್ಲಿ ಸ್ಟೇಪಲ್ ಹಾಕಿದ ಅಥವಾ ಜೋಡಿಸಿದ ಜಾಗದಲ್ಲಿ ಸೋರಿಕೆಯಾಗುವುದು ಅಪರೂಪ. ಆದರೆ ಆದಾಗ ಜೀವಕ್ಕೇ ಅಪಾಯ. ಮನೆಗೆ ಬಂದ ಮೇಲೂ ಇದು ಕಾಣಿಸಿಕೊಳ್ಳಬಹುದು. ಇದರ ಮೊದಲ ಸುಳಿವು ಹಲವು ಬಾರಿ ನೋವಲ್ಲ, ನಾಡಿಬಡಿತದ ಏರಿಕೆ. ಸುಮ್ಮನೆ ಕುಳಿತಿದ್ದರೂ ನಿಮಿಷಕ್ಕೆ 100 ದಾಟಿ ಇಳಿಯದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. 120 ದಾಟಿದರೆ ತಕ್ಷಣ ಹೊರಡಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಅಷ್ಟು ಏರದೇ ಇರಬಹುದು, ಹಾಗಾಗಿ ಉಳಿದ ಲಕ್ಷಣಗಳನ್ನೂ ಗಮನಿಸಿ:

* ಹೊಟ್ಟೆನೋವು ಏರುತ್ತಿರುವುದು ಅಥವಾ ಎಡ ಭುಜದ ನೋವು ದಿನೇ ದಿನೇ ಹೆಚ್ಚುವುದು
* ಜ್ವರ, ಚಳಿ ನಡುಕ, ಗಾಯದಿಂದ ಕೀವು
* ಎದೆನೋವು, ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ
* ಒಂದೇ ಕಾಲಿನ ಮೀನಖಂಡದಲ್ಲಿ ನೋವು, ಊತ
* ರಕ್ತ ವಾಂತಿ, ಡಾಂಬರಿನಂತೆ ಕಪ್ಪು ಮಲ
* ಗುಟುಕು ನೀರೂ ನಿಲ್ಲದಂತೆ ವಾಂತಿ

ತಿಂಗಳುಗಳ ನಂತರ ಬರುವ ನೋವಿಗೂ ಅರ್ಥವಿದೆ. ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಊಟದ ನಂತರ ಬಲ ಪಕ್ಕೆಲುಬಿನ ಕೆಳಗೆ ನೋವು ಅದರ ಲಕ್ಷಣ. ಬೈಪಾಸ್ ಆದವರಿಗೆ ಬಂದು ಬಂದು ಹೋಗುವ ಹಿಂಡುವ ಹೊಟ್ಟೆನೋವು ಕರುಳು ಒಳಗೇ ಸಿಕ್ಕಿಕೊಂಡಿರುವ ಸೂಚನೆ ಇರಬಹುದು. ಇದನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕಬಾರದು.

ಎಲ್ಲ ವೈದ್ಯರಿಗೂ ಹೇಳಿ

ಸರ್ಜರಿ ಮುಂಬೈನಲ್ಲೋ ಹೈದರಾಬಾದ್‌ನಲ್ಲೋ ಆಗಿ, ವಿಶ್ರಾಂತಿಗೆಂದು ಊರಿಗೆ ಹೋಗುವವರು ಬಹಳ. ಅಲ್ಲಿನ ವೈದ್ಯರಿಗೆ ನಿಮ್ಮ ಜಠರದ ಕಥೆ ಗೊತ್ತಿರುವುದಿಲ್ಲ. ಮೈಕೈ ನೋವು ಎಂದರೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟುಬಿಡಬಹುದು. ಹಲ್ಲು ಕೀಳಿಸುವಾಗ, ಮಂಡಿನೋವಿಗೆ ತೋರಿಸುವಾಗ, ಚಿಕುನ್‌ಗುನ್ಯಾ ಬಂದಾಗ ಮೊದಲು ಹೇಳಬೇಕಾದ ಮಾತು: ‘ನನಗೆ ಬೇರಿಯಾಟ್ರಿಕ್ ಸರ್ಜರಿ ಆಗಿದೆ, ಎನ್‌ಎಸ್‌ಎಐಡಿ ಕೊಡಬೇಡಿ.’ ಇದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿಡಿ. ಡಿಸ್ಚಾರ್ಜ್ ಸಮ್ಮರಿಯ ಫೋಟೊ, ಸರ್ಜನ್‌ರ ತುರ್ತು ನಂಬರ್ ನಿಮ್ಮ ಮೊಬೈಲ್‌ನಲ್ಲಿ ಮಾತ್ರವಲ್ಲ, ಮನೆಯ ಇನ್ನೊಬ್ಬರ ಮೊಬೈಲ್‌ನಲ್ಲೂ ಇರಲಿ. ಸರ್ಜನ್ ಸಿಗದಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

(ಗಮನಿಸಿ: ಇದು ಸಾಮಾನ್ಯ ಮಾಹಿತಿ. ಔಷಧಿ ಮತ್ತು ಡೋಸ್ ವಿಷಯದಲ್ಲಿ ನಿಮ್ಮ ಸರ್ಜನ್ ಹೇಳಿದ್ದೇ ಅಂತಿಮ.)