ಹಿಂದೆ ನಿಂತವನ ಹೆಸರು

2024ರ ಜನವರಿ 7ರಂದು ಜರ್ಮನಿಯ ಫ್ರಾಂಜ್ ಬೆಕೆನ್‌ಬೌರ್ ತೀರಿಕೊಂಡರು. ಹನ್ನೆರಡು ದಿನ ಕಳೆದ ಮೇಲೆ ಮ್ಯೂನಿಕ್‌ನ ಕ್ರೀಡಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಚಳಿಗಾಲದ ಆ ದಿನ ಸಾವಿರಾರು ಜನ ಬಂದು ಕೂತರು. ಯಾರಿಗಾಗಿ? ಗೋಲು ಹೊಡೆದು ಹೆಸರು ಮಾಡಿದವನಿಗಲ್ಲ ವೀಕ್ಷಕರೆ, ಗೋಲು ಆಗದಂತೆ ತಡೆದವನಿಗಾಗಿ.

ಬೆಕೆನ್‌ಬೌರ್ ಡಿಫೆಂಡರ್. ಪಶ್ಚಿಮ ಜರ್ಮನಿಗೆ 103 ಪಂದ್ಯ ಆಡಿದವರು. 1974ರಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿದರು, 1990ರಲ್ಲಿ ತರಬೇತುದಾರನಾಗಿ ಅದನ್ನೇ ಮತ್ತೆ ಗೆಲ್ಲಿಸಿದರು. 1970ರಲ್ಲಿ ಇಟಲಿ ವಿರುದ್ಧದ ಸೆಮಿಫೈನಲ್‌ನಲ್ಲಿ ಭುಜಕ್ಕೆ ಪೆಟ್ಟಾಯಿತು. ಬದಲಿ ಆಟಗಾರರನ್ನು ಇಳಿಸುವ ಅವಕಾಶ ಮುಗಿದಿತ್ತು. ಕೈಯನ್ನು ಎದೆಗೆ ಕಟ್ಟಿಸಿಕೊಂಡು ಕೊನೆಯವರೆಗೂ ಆಡಿದರು. ಪಂದ್ಯ ಸೋತರು, ಹೆಸರು ಉಳಿಯಿತು.

ಸರಿ, ಜರ್ಮನಿಯ ಕಥೆ ನಮಗ್ಯಾಕೆ ಅಂತೀರಾ? ಒಂದು ಪ್ರಶ್ನೆ ಕೇಳ್ತೀನಿ. ಎಂ. ಕೆಂಪಯ್ಯ ಯಾರು ಗೊತ್ತಾ?

ನಮ್ಮ ಮೈಸೂರು ರಾಜ್ಯದ ಹುಡುಗ. ಎರಡು ಒಲಿಂಪಿಕ್ಸ್ ಆಡಿದವರು, 1956ರ ಮೆಲ್ಬರ್ನ್ ಮತ್ತು 1960ರ ರೋಮ್. ಕಲ್ಕತ್ತಾಗೆ ಹೋಗಿ ಮೋಹನ್ ಬಾಗಾನ್‌ನಂಥ ಕ್ಲಬ್ಬಿನಲ್ಲಿ ಜಾಗ ಗಿಟ್ಟಿಸಿದವರು. ಅವರದು ಹಾಫ್ ಬ್ಯಾಕ್ ಜಾಗ. ಹಾಫ್ ಬ್ಯಾಕ್ ಅಂದ್ರೆ ಎದುರಾಳಿಯ ದಾಳಿಯನ್ನು ಮೊದಲು ತಡೆಯಬೇಕು, ಚೆಂಡು ಕಿತ್ತುಕೊಳ್ಳಬೇಕು, ಮುಂದಿನವರ ಕಾಲಿಗೆ ಒಪ್ಪಿಸಬೇಕು. ಚಪ್ಪಾಳೆ ಮಾತ್ರ ಮುಂದಿನವರಿಗೆ! ಬೆಕೆನ್‌ಬೌರ್ ಕೂಡ ಮೊದಲು ಆಡಿದ್ದು ಮೈದಾನದ ನಡುಭಾಗದಲ್ಲೇ.

ಕೆಂಪಯ್ಯ ಆಕಾಶದಿಂದ ಉದುರಿದವರಲ್ಲ. ಅವರ ಹಿಂದೆ ಒಂದು ಪರಂಪರೆಯೇ ಇತ್ತು. ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ಬೊಂಬಾಯಿಯ ರೋವರ್ಸ್ ಕಪ್ ಅನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬ್ಯಾಂಗಲೋರ್ ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಅಂದು ಗೋಲು ಹೊಡೆದ ಎಸ್. ರಾಮನ್ ನಮ್ಮವರು, ಗೋಲು ಕಾದ ಕೆ.ವಿ. ವರದರಾಜ್ ಕೂಡ ನಮ್ಮವರೇ. ಎರಡು ಪೆನಾಲ್ಟಿ ಕೈತಪ್ಪಿ 1–2ರಿಂದ ಸೋತೆವು.

ಎಂಟು ವರ್ಷದ ನಂತರ ಮೆಲ್ಬರ್ನ್. ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಏಷ್ಯಾದ ಯಾವ ದೇಶವೂ ಅಲ್ಲಿಯವರೆಗೆ ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಆ ಹಂತ ಕಂಡಿರಲಿಲ್ಲ. ಮೂರು ಗೋಲು ಹೊಡೆದ ನೆವಿಲ್ ಡಿಸೋಜ ಇತಿಹಾಸವಾದರು. ನಾಲ್ಕನೇ ಸ್ಥಾನ ಪಡೆದ ಆ ತಂಡದಲ್ಲಿದ್ದ ಕೆಂಪಯ್ಯ? 1960ರಲ್ಲಿ ಬಲಿಷ್ಠ ಹಂಗೇರಿ ಎದುರು 1–2ರ ಸೋಲು, ಫ್ರಾನ್ಸ್ ಜೊತೆ 1–1ರ ಸಮ. ಆ ತಂಡ ಅಂದ ಕೂಡಲೇ ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಅಂತೀವಿ. ಅವರ ಬೆನ್ನಿಗೆ ನಿಂತವರ ಹೆಸರು ನಾಲಿಗೆಗೇ ಬರಲ್ಲ.

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಇದ್ದಾನೆ. ಜನ ಕೈಮುಗಿಯುವುದು ಎತ್ತಿಗೆ. ಆದರೆ ಬರಗಾಲದಲ್ಲೂ ಮೇವು ಹುಡುಕಿ, ಮಳೆ ಬಿಸಿಲೆನ್ನದೆ ಹಿಂದೆ ತಿರುಗಿ, ಆ ಹಿಂಡನ್ನು ಉಳಿಸಿದವನು ಕಿಲಾರಿ. ಕಾಯುವವನಿಲ್ಲದೆ ಹಿಂಡಿಲ್ಲ ಅನ್ನೋದು ಆ ಸೀಮೆಗೆ ಗೊತ್ತು.

ಇನ್ನು ನಮ್ಮ ರಾಜ್ಯದ ಕಥೆ. 1967–68, 1968–69ರಲ್ಲಿ ಮೈಸೂರು ಸತತ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ? ಐವತ್ತನಾಲ್ಕು ವರ್ಷ ಬರಗಾಲ. 2023ರ ಮಾರ್ಚ್ 4ರಂದು ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಕಪ್ ಎತ್ತಿತು. ಮೈಸೂರು ಕರ್ನಾಟಕವಾದ ಮೇಲೆ ಇದೇ ಮೊದಲು. ಒಳ್ಳೆಯ ಹುಡುಗರನ್ನು ಕಲ್ಕತ್ತಾ ಕ್ಲಬ್ಬುಗಳು ಎಳೆದುಕೊಂಡಿದ್ದು ಇದಕ್ಕೆ ಒಂದು ಕಾರಣ. ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಆಟಗಾರನಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದ ಕಾಲ ಮುಗಿದಿದ್ದು ಇನ್ನೊಂದು. ಆದರೆ ಮರೆವು? ಅದಕ್ಕೆ ಯಾರನ್ನು ದೂರೋಣ? ಕೆಂಪಯ್ಯನ ಹೆಸರೇ ಕೇಳದ ಮಗು ತಾನೂ ಅಲ್ಲಿಗೆ ಹೋಗಬಹುದು ಅಂತ ಹೇಗೆ ಕನಸು ಕಾಣುತ್ತೆ ಹೇಳಿ!

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ನೋಡಿ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ ಅಶೋಕನ ಶಾಸನ ಅಲ್ಲಿದೆ. ಆಜ್ಞೆ ಚಕ್ರವರ್ತಿಯದು. ಆದರೆ ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ ಅಂತ. ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಒಬ್ಬ ಲಿಪಿಕಾರನ ಹೆಸರನ್ನು ಬಂಡೆ ಉಳಿಸಿಕೊಂಡಿದೆ. ಎರಡು ಒಲಿಂಪಿಕ್ಸ್ ಆಡಿದ ಕನ್ನಡ ನಾಡಿನ ಆಟಗಾರನ ಹೆಸರನ್ನು ಎಪ್ಪತ್ತು ವರ್ಷ ಉಳಿಸಿಕೊಳ್ಳೋಕೆ ನಮಗೆ ಆಗಲ್ವಾ? ತಾಲ್ಲೂಕು ಕ್ರೀಡಾಂಗಣದ ಗೋಡೆ ಮೇಲೆ ಉದ್ಘಾಟನೆ ಮಾಡಿದವರ ಹೆಸರಿಗೆ ಜಾಗ ಇರುತ್ತೆ. ಅದೇ ಗೋಡೆಯಲ್ಲಿ ಕೆಂಪಯ್ಯನಿಗೂ ಒಂದು ಸಾಲು ಕೊಡಿ.