ಊರ ವರ್ತಮಾನ

ಪತ್ರಿಕೆ ಕೈಸೇರಿದೊಡನೆ ಬಹುಮಂದಿ ಸದ್ಭಕ್ತರು ಮೊದಲು ತೆರೆಯುವುದು ಕೊನೆಯ ಪುಟಗಳನ್ನು ಎಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ಯಾವ ಊರಿನಲ್ಲಿ ಜಾತ್ರೆ ಜರುಗಿತು, ಯಾವ ಹಳೆಯ ವಿದ್ಯಾರ್ಥಿಗೆ ಬಡ್ತಿ ದೊರೆಯಿತು, ಯಾರು ಲಿಂಗೈಕ್ಯರಾದರು ಎಂಬುದನ್ನು ಓದಿ ಮುಗಿಸಿದ ಮೇಲೆಯೇ ಅವರ ದೃಷ್ಟಿ ಲೇಖನಗಳತ್ತ ಹರಿಯುವುದು. ಲೇಖನ ಬರೆಯುವವರಿಗೆ ಇದರಿಂದ ತುಸು ಮುನಿಸು ಬರುವುದುಂಟು. ನಮಗೂ ಒಂದು ಕಾಲದಲ್ಲಿ ಬಂದಿತ್ತು. ಕನ್ನಡದ ಪ್ರಥಮ ಪತ್ರಿಕೆಯ ಚರಿತ್ರೆಯನ್ನು ಓದಿದ ಬಳಿಕ ಆ ಮುನಿಸು ಉಳಿಯಲಿಲ್ಲ. ನಮ್ಮ ಭಾಷೆಯಲ್ಲಿ ಪತ್ರಿಕೆಯೆಂಬುದು ಹುಟ್ಟಿದ್ದೇ ಒಂದು ಪಟ್ಟಣದ ಜನರಿಗಿದ್ದ ಸುದ್ದಿಯ ಹಂಬಲದಿಂದ.

ಆ ಪತ್ರಿಕೆ "ಮಂಗಳೂರ ಸಮಾಚಾರ". ಅದರ ಮೊದಲ ಸಂಚಿಕೆ ಹೊರಬಂದದ್ದು 1843ರ ಜುಲೈ 1ರಂದು. ಆ ದಿನವನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸಲಾಗುತ್ತದೆ. ಸಂಪಾದಕರು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್. 1811ರಲ್ಲಿ ಜರ್ಮನಿಯಲ್ಲಿ ಜನಿಸಿದ ಇವರು 1836ರಲ್ಲಿ ಈ ದೇಶಕ್ಕೆ ಬಂದು ಕನ್ನಡವನ್ನು ಕಲಿತವರು. ಪತ್ರಿಕೆ ಪಾಕ್ಷಿಕವಾಗಿದ್ದು ನಾಲ್ಕು ಪುಟಗಳಷ್ಟೇ ಇದ್ದಿತು. ಆಗಿನ ಮಂಗಳೂರು ಮದರಾಸು ಪ್ರಾಂತ್ಯಕ್ಕೆ ಸೇರಿದ ಕೆನರಾ ಜಿಲ್ಲೆಯ ಮುಖ್ಯಸ್ಥಳವಾಗಿದ್ದರೂ ಇಂದಿನ ನಗರಕ್ಕೆ ಹೋಲಿಸುವಂತಿರಲಿಲ್ಲ. ಒಬ್ಬರ ಮನೆಯ ಮಾತು ಸಂಜೆಯೊಳಗೆ ಹತ್ತು ಮನೆಗೆ ಮುಟ್ಟುವಷ್ಟು ಸಣ್ಣ ಪಟ್ಟಣವದು.

ಆ ನಾಲ್ಕು ಪುಟಗಳಲ್ಲಿ ಸರಕಾರದ ನಿರೂಪಗಳು, ಅನ್ಯರಾಜ್ಯಗಳ ಸುದ್ದಿ, ಬುದ್ಧಿಮಾತು, ಕಥೆ, ಕೊನೆಗೆ ಪುರಂದರದಾಸರ ಪದಕ್ಕೂ ಎಡೆಯಿದ್ದಿತು. ಇವೆಲ್ಲಕ್ಕಿಂತ ನಮ್ಮ ಗಮನ ಸೆಳೆಯುವುದು "ವೂರ ವರ್ತಮಾನ" ಎಂಬ ತಲೆಬರಹ. ಪತ್ರಿಕೆಯನ್ನು ಹೊರಡಿಸುವುದೇಕೆಂಬುದಕ್ಕೆ ಸಂಪಾದಕರು ಕೊಟ್ಟ ಕಾರಣವಂತೂ ಬಹು ಸ್ವಾರಸ್ಯವಾದುದು. ಕಚೇರಿ, ಚಾವಡಿ, ಸುಂಕದ ಕಟ್ಟೆಗಳಲ್ಲಿ ಜನರು ಬೆಳಗಾದರೆ ಕೂಡಿ ಏನು ಸುದ್ದಿಯೆಂದು ಕೇಳುತ್ತಾರೆ. ಬುಡವಿಲ್ಲದ ಮಾತೊಂದನ್ನು ಯಾರಾದರೂ ಆಡಿದರೆ ಅದು ಊರೆಲ್ಲ ಹಬ್ಬುತ್ತದೆ. ಮರುದಿನ ಸುಳ್ಳೆಂದು ತಿಳಿದಾಗ ಮತ್ತೊಂದು ಹುಟ್ಟಿರುತ್ತದೆ. ಇಂತಹ ಜನರಿಗೆ ನಿಜವಾದ ವರ್ತಮಾನವನ್ನು ಶೋಧಿಸಿ ಕೊಟ್ಟರೆ ಪ್ರಯೋಜನವಾದೀತು ಎಂಬುದು ಅವರ ಅಭಿಪ್ರಾಯದ ತಾತ್ಪರ್ಯ. ಪರದೇಶದಿಂದ ಬಂದವರೊಬ್ಬರು ಏಳು ವರ್ಷಗಳೊಳಗೆ ನಮ್ಮ ಕಟ್ಟೆಯ ಸ್ವಭಾವವನ್ನು ಇಷ್ಟು ಚೆನ್ನಾಗಿ ಅರಿತರಲ್ಲ ಎಂದು ಓದಿದಾಗಲೆಲ್ಲ ನಗು ಬರುತ್ತದೆ.

ನಾವು ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದಾಗ ಒಂದು ಮಳೆಗಾಲದ ರಾತ್ರಿ ಕೆರೆಯ ಏರಿ ಒಡೆಯಿತೆಂಬ ಸುದ್ದಿ ಬಂದಿತು. ನಿಲಯದ ಹುಡುಗರೆಲ್ಲ ಲಾಟೀನು ಹಿಡಿದು, ಗೋಣಿಚೀಲ ಹೊತ್ತು ಓಡಿದೆವು. ಹೋಗಿ ನೋಡಿದರೆ ಏರಿ ಸುಭದ್ರವಾಗಿದ್ದಿತು. ಕೋಡಿಯಲ್ಲಿ ನೀರು ಹೊರಟದ್ದನ್ನು ಕಂಡವನೊಬ್ಬ ಆಡಿದ ಮಾತು ಮೂರು ಬೀದಿ ದಾಟುವಷ್ಟರಲ್ಲಿ ಏರಿಯನ್ನೇ ಒಡೆದಿದ್ದಿತು. ಮರುವರ್ಷ ನಿಜವಾಗಿಯೇ ಏರಿಯಲ್ಲಿ ಬಿರುಕು ಕಂಡಾಗ ಹೇಳಲು ಬಂದ ನೀರುಗಂಟಿಯ ಮಾತನ್ನು ಅರ್ಧ ಊರು ನಂಬಲಿಲ್ಲ. ಇಂದು ಕೈಯಲ್ಲಿರುವ ಮೊಬೈಲಿನಿಂದ ಅಂತಹ ಮಾತು ಮೂರು ಜಿಲ್ಲೆಗಳನ್ನು ದಾಟುತ್ತದೆಯೆಂಬಷ್ಟೇ ವ್ಯತ್ಯಾಸ.

ಇರಲಿ, ಮುದ್ರಣದ ವಿಷಯಕ್ಕೆ ಬರೋಣ. ಮಂಗಳೂರಿನಲ್ಲಿ ಮಿಷನ್ನಿನವರು 1841ರಲ್ಲಿ ಸ್ಥಾಪಿಸಿದ್ದು ಕಲ್ಲಚ್ಚಿನ ಮುದ್ರಣಾಲಯ. ಜಿಡ್ಡಿನ ಮಸಿಯಿಂದ ಕೈಯಲ್ಲಿಯೇ ಬರೆದ ಹಾಳೆಯನ್ನು ನುಣುಪು ಮಾಡಿದ ಸುಣ್ಣಕಲ್ಲಿನ ಮೇಲೆ ಒತ್ತಿದರೆ ಅಕ್ಷರಗಳು ತಿರುಗುಮುರುಗಾಗಿ ಕಲ್ಲಿಗೆ ಇಳಿಯುತ್ತವೆ. ಬಳಿಕ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿ ಹಚ್ಚಿದರೆ ಅಕ್ಷರವಿರುವಲ್ಲಿ ಮಾತ್ರ ಮಸಿ ಹಿಡಿಯುತ್ತದೆ, ಒದ್ದೆಯಾದೆಡೆ ಹಿಡಿಯುವುದಿಲ್ಲ. ಹೀಗೆ ನಮ್ಮ ಮೊದಲ ಪತ್ರಿಕೆಯೂ ಕಲ್ಲಿನಿಂದಲೇ ಬಂದದ್ದು. ಊರ ಸುದ್ದಿಗೆ ಕಲ್ಲು ಹೊಸದೇನಲ್ಲವಷ್ಟೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 900ರ ಗಂಗರ ಕಾಲದ ಶಾಸನ ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮನೆಯವನೊಬ್ಬನು ಮಡಿದನೆಂದು ಹೇಳುತ್ತದೆ. ಒಬ್ಬನ ಸಾವಿನ ವರ್ತಮಾನವೇ ಅದು. ರಾಜಧಾನಿಯ ಹೆಸರಿಗೆ ಇಷ್ಟು ಪ್ರಾಚೀನವಾದ ಸಾಕ್ಷ್ಯ ದೊರೆತದ್ದು ಈ ಪುಟ್ಟ ಸುದ್ದಿಯಿಂದ.

ಆದರೆ ಬರೆದಿಡದೆ ಹೋದ ಸುದ್ದಿಯ ಗತಿಯೇನು? ಇದಕ್ಕೂ ಮಂಗಳೂರಿನ ಚರಿತ್ರೆಯೇ ಉತ್ತರ ಹೇಳುತ್ತದೆ. ಪತ್ರಿಕೆ ಹುಟ್ಟುವುದಕ್ಕೆ ಆರೇ ವರ್ಷ ಮೊದಲು, 1837ರ ಏಪ್ರಿಲಿನಲ್ಲಿ, ಆ ಪಟ್ಟಣ ಸುಮಾರು ಎರಡು ವಾರ ಕಂಪನಿಯ ಕೈತಪ್ಪಿ ಹೋಗಿದ್ದಿತು. 1834ರಲ್ಲಿ ಕೊಡಗಿನ ವೀರಶೈವ ಹಾಲೇರಿ ಅರಸರ ರಾಜ್ಯವನ್ನು ಕಸಿದುಕೊಂಡ ಕಂಪನಿ, ಆ ರಾಜ್ಯಕ್ಕೆ ಸೇರಿದ್ದ ಅಮರ ಸುಳ್ಯ ಮೊದಲಾದ ಸೀಮೆಗಳನ್ನು ಕೆನರಾಕ್ಕೆ ಸೇರಿಸಿತು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ತೆರಬೇಕಾಯಿತು. ಕೈಯಲ್ಲಿ ಹಣ ಕಾಣದ ರೈತರು ದಂಗೆಯೆದ್ದರು. ಕೆದಂಬಾಡಿ ರಾಮಯ್ಯಗೌಡರು ಮೊದಲಾದವರು ಮುಂದಾಗಿ, ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂಬ ಹೆಸರು ಧರಿಸಿದ ಪುಟ್ಟಬಸಪ್ಪನನ್ನು ನಾಯಕನನ್ನಾಗಿ ಮಾಡಿಕೊಂಡು ಮಂಗಳೂರಿಗೆ ನಡೆದರು. ಹೊರಗಿನಿಂದ ಸೇನೆ ಬಂದ ಮೇಲೆ ದಂಗೆ ಅಡಗಿತು. ಪುಟ್ಟಬಸಪ್ಪನು ಅದೇ ವರ್ಷ ಮಂಗಳೂರಿನಲ್ಲಿ ಗಲ್ಲಿಗೇರಿದನು.

ಬಂದವನು ನಿಜವಾದ ಕಲ್ಯಾಣಸ್ವಾಮಿಯಲ್ಲವೆಂಬುದು ಸುಂಕದ ಕಟ್ಟೆಯ ಜನರಿಗೆ ತಿಳಿದಿತ್ತೆ? ತಿಳಿದೂ ಆ ಹೆಸರಿಗೆ ತಲೆಬಾಗಿದರೆ? ಆ ಎರಡು ವಾರ ಅಂಗಡಿಗಳು ತೆರೆದಿದ್ದುವೆ, ತಾಯಂದಿರು ಮಕ್ಕಳನ್ನು ಹೊರಗೆ ಬಿಟ್ಟರೆ? ಇದನ್ನು ಹೇಳುವ ಊರ ವರ್ತಮಾನವಿಲ್ಲ. ದಂಗೆಯನ್ನು ಅಡಗಿಸಿದ ಅಧಿಕಾರಿಗಳ ಕಾಗದಪತ್ರಗಳು ಹೇರಳವಾಗಿವೆ. ಅವುಗಳಲ್ಲಿ ಸೋತವರೆಲ್ಲ ದರೋಡೆಗಾರರು. ಬಹುಕಾಲ ಇದಕ್ಕೆ "ಕಲ್ಯಾಣಪ್ಪನ ಕಾಟಕಾಯಿ" ಎಂಬ ಹೆಸರೇ ನಿಂತದ್ದು ಆಶ್ಚರ್ಯವಲ್ಲ. ದಂಗೆಯವರು ಬಾವುಟ ಏರಿಸಿದರೆಂದು ಜನರು ನಂಬಿರುವ ಗುಡ್ಡ ಬಾವುಟಗುಡ್ಡವೆಂದೇ ಉಳಿಯಿತು. ಅಲ್ಲಿ ರಾಮಯ್ಯಗೌಡರ ಪ್ರತಿಮೆ ಅನಾವರಣಗೊಂಡದ್ದು 2022ರ ನವೆಂಬರಿನಲ್ಲಿ, 185 ವರ್ಷಗಳ ತರುವಾಯ. ಅಲ್ಲಿಯವರೆಗೆ ಅವರ ಕಡೆಯ ಸಾಕ್ಷಿಯಾಗಿ ನಿಂತದ್ದು ಸ್ಥಳದ ಹೆಸರು, ಮನೆತನಗಳ ನೆನಪು, ಇಷ್ಟೇ.

ಮೋಗ್ಲಿಂಗರ ಪತ್ರಿಕೆ ಆಗಲೇ ಇದ್ದಿದ್ದರೆ ಎಲ್ಲವೂ ನಿಚ್ಚಳವಾಗುತ್ತಿತ್ತೆಂದು ಹೇಳಲಾಗದು. ಅವರು ಕಂಪನಿಯ ಆಶ್ರಯದಲ್ಲಿದ್ದ ಮಿಷನರಿ. ಮತಪ್ರಚಾರವೇ ಅವರ ಮೂಲೋದ್ದೇಶವಾಗಿದ್ದಿತು. ಯಾವುದು ಸುದ್ದಿ, ಯಾವುದಲ್ಲ ಎಂಬ ನಿರ್ಣಯ ಅವರ ಕೈಯಲ್ಲಿಯೇ ಇದ್ದಿತು. ಆದರೂ 1848ರಿಂದ ಅವರು "ಬಿಬ್ಲಿಯೋಥಿಕಾ ಕರ್ನಾಟಿಕಾ" ಮಾಲೆಯಲ್ಲಿ ಕನ್ನಡದ ಪ್ರಾಚೀನ ಕಾವ್ಯಗಳನ್ನು ಅಚ್ಚು ಹಾಕಿಸಿದಾಗ ಅವುಗಳಲ್ಲಿ ಭೀಮಕವಿಯ ಬಸವಪುರಾಣವೂ ಇದ್ದಿತೆಂಬುದನ್ನು ನಾವು ಮರೆಯಲಾರೆವು. ತಮ್ಮದಲ್ಲದ ಮತದ ಗ್ರಂಥವನ್ನು ಅವರು ಆ ಕಲ್ಲಚ್ಚಿನಲ್ಲಿಯೇ ಉಳಿಸಿಕೊಟ್ಟರು.

ಮಂಗಳೂರ ಸಮಾಚಾರ ಮಾತ್ರ ಹೆಚ್ಚು ಕಾಲ ನಡೆಯಲಿಲ್ಲ. 1844ರ ಫೆಬ್ರವರಿಯ ತನಕ ಹದಿನಾರು ಸಂಚಿಕೆಗಳು ಬಂದುವು. ಹೆಚ್ಚು ಜನರಿಗೆ ಮುಟ್ಟಿಸಬೇಕು, ಕಲ್ಲಚ್ಚಿಗಿಂತ ಮೊಳೆ ಅಚ್ಚು ಅನುಕೂಲವೆಂದು ಸಂಪಾದಕರು ಅದರ ಮುದ್ರಣವನ್ನು ಬಳ್ಳಾರಿಗೆ ವರ್ಗಾಯಿಸಿದರು. ಮಾರ್ಚ್ 1ರಿಂದ ಅದರ ಹೆಸರು "ಕನ್ನಡ ಸಮಾಚಾರ" ಎಂದಾಯಿತು. ಪತ್ರಿಕೆ ನಾಡಿನದಾಯಿತೆಂದು ಚರಿತ್ರಕಾರರು ಇದನ್ನು ಮುನ್ನಡೆಯಾಗಿ ಗಣಿಸುತ್ತಾರೆ. ಅದು ಸರಿಯೂ ಹೌದು. ಮಂಗಳೂರಿನ ಕಟ್ಟೆಯಲ್ಲಿ ಹದಿನೈದು ದಿನಕ್ಕೊಮ್ಮೆ ತಮ್ಮ ಊರಿನ ಹೆಸರು ಹೊತ್ತ ಹಾಳೆಗಾಗಿ ಕಾಯುತ್ತಿದ್ದವರು ಮಾತ್ರ ಮಾರ್ಚ್ ತಿಂಗಳಿನಲ್ಲಿ ಬಳ್ಳಾರಿಯ ದಾರಿ ನೋಡಬೇಕಾಯಿತು.