ಪಹಣಿಯ ಒಂದು ಪುಟ

ಕಾಳಿ ನದಿಯ ದಡದ ಕಿನ್ನರದಲ್ಲಿ ನಮ್ಮದೊಂದು ತುಂಡು ಗದ್ದೆಯಿದೆ. ಅದರ ಪಹಣಿಯಲ್ಲಿ ಬಹುಕಾಲ ಅಜ್ಜನ ಹೆಸರೇ ಇತ್ತು. ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ಮನೆಯವರು ಯಾರೂ ಮುಂದಾಗಲಿಲ್ಲ, ತಪ್ಪು ನಮ್ಮದೇ. 2019ರಲ್ಲಿ ಪಿಎಂ-ಕಿಸಾನ್ ಯೋಜನೆ ಬಂತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ, ನೇರ ರೈತರ ಬ್ಯಾಂಕ್ ಖಾತೆಗೆ. ಗದ್ದೆ ಮಾಡುತ್ತಿದ್ದ ಚಿಕ್ಕಪ್ಪನಿಗೆ ಅದು ಸಿಗಲಿಲ್ಲ. ದಾಖಲೆಯಲ್ಲಿ ರೈತನಾಗಿದ್ದವರು ಅಜ್ಜ, ಅವರು ಬದುಕಿರಲಿಲ್ಲ.

ಆಗಲೇ ನಾನು ಆ ಪುಟವನ್ನು ಗಮನವಿಟ್ಟು ಓದಿದ್ದು. ಅದರಲ್ಲಿ ಬರೆದಿದ್ದ ಕಂದಾಯ ಇಂದಿನ ಒಂದು ಬಸ್ ಟಿಕೆಟ್ಟಿಗಿಂತ ಕಡಿಮೆ. ಆದರೆ ಒಂದು ಕಾಲಕ್ಕೆ ಸರಕಾರದ ಖಜಾನೆ ನಿಂತಿದ್ದೇ ಇಂಥ ಸಣ್ಣ ಮೊತ್ತಗಳ ಮೇಲೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಳತೆಯಾದ ಪ್ರತಿ ಸರ್ವೆ ನಂಬರಿಗೂ ತೆರಿಗೆ ನಿಗದಿಯಾಯಿತು. ಮಳೆ ಕೈಕೊಟ್ಟರೂ, ಭತ್ತದ ಬೆಲೆ ಬಿದ್ದರೂ ಕಂತು ತಪ್ಪುವಂತಿರಲಿಲ್ಲ.

ಈ ಲೆಕ್ಕಕ್ಕೆ ಇಲ್ಲ ಎಂದದ್ದು ನೆರೆಯ ಅಂಕೋಲೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಲ್ಲಿ ಉಪ್ಪಿನ ಕಾನೂನು ಮುರಿಯಿತು. ಅದರ ಬೆನ್ನಿಗೇ ಕರನಿರಾಕರಣೆ. ಜಗತ್ತಿನೆಲ್ಲೆಡೆ ಬೆಲೆಗಳು ಕುಸಿದಿದ್ದ ಕಾಲವದು. ಕೊಡಲಾಗದ ಕಷ್ಟವೂ ಕೊಡಬಾರದೆಂಬ ಛಲವೂ ಒಂದಾದವು. ಸರಕಾರ ದನಕರು, ಪಾತ್ರೆಪಗಡೆ ಜಪ್ತಿ ಮಾಡಿತು. ಜಮೀನು ಹರಾಜು ಹಾಕಿತು. 1931ರ ಗಾಂಧಿ-ಇರ್ವಿನ್ ಒಪ್ಪಂದದಲ್ಲೂ ಮೂರನೆಯವರಿಗೆ ಮಾರಾಟವಾದ ಭೂಮಿ ಮರಳಲಿಲ್ಲ. ಆದರೂ 1932ರಲ್ಲಿ ಅಂಕೋಲೆಯ ರೈತರು ಮತ್ತೆ ಕರ ಕೊಡಲು ನಿರಾಕರಿಸಿದರು. ಕಂದಾಯದ ಪುಸ್ತಕದಲ್ಲಿ ಹೆಸರು ಅಳಿಯುತ್ತದೆಂದು ತಿಳಿದೇ ಅವರು ಹಾಗೆ ಮಾಡಿದ್ದರು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ, ಅಂಥ ಜಮೀನುಗಳನ್ನು ಮರಳಿಸಲು ಕಾನೂನಾಯಿತು.

ಆದರೆ ಮೈಬಗ್ಗಿಸಿ ಗದ್ದೆ ಮಾಡುತ್ತಿದ್ದ ಗೇಣಿದಾರರ ಹೆಸರು ಒಡೆಯನ ಜಾಗದಲ್ಲಿ ಎಂದೂ ಇರಲಿಲ್ಲ. ಅವರ ಪರವಾಗಿ ರೈತರನ್ನು ಸಂಘಟಿಸಿದ ದಿನಕರ ದೇಸಾಯಿಯವರನ್ನು 1940ರಲ್ಲಿ ಸರಕಾರ ಜಿಲ್ಲೆಯಿಂದ ಗಡಿಪಾರು ಮಾಡಿತು. ಗೇಣಿದಾರರು ಒಡೆಯರಾಗಲು ದೇವರಾಜ ಅರಸರ ಕಾಲದ ಭೂಸುಧಾರಣೆ ಬರಬೇಕಾಯಿತು. 1974ರ ತಿದ್ದುಪಡಿಯ ನಂತರ, ಫಾರಂ ನಂಬರ್ 7 ತುಂಬಿ ನ್ಯಾಯಮಂಡಳಿಯ ಮುಂದೆ ನಿಂತವರಿಗೆ ಭೂಮಿ ಸಿಕ್ಕಿತು. ನಮ್ಮಜ್ಜನ ಹೆಸರು ಪಹಣಿಗೆ ಬಂದದ್ದೂ ಹಾಗೆಯೇ.

ನಂತರ ಬಂದದ್ದು ಗಣಕಯಂತ್ರ. 2000ದ ಆಸುಪಾಸಿನಲ್ಲಿ ಕರ್ನಾಟಕದ 'ಭೂಮಿ' ಯೋಜನೆ, ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ತಾಲ್ಲೂಕು ಕಚೇರಿಗಳ ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿ ಕೊಟ್ಟರೆ ಯಾರಿಗಾದರೂ ಪ್ರತಿ ಸಿಗತೊಡಗಿತು. 2002ರಲ್ಲಿ 'ಖಜಾನೆ' ತಂತ್ರಾಂಶ ರಾಜ್ಯದ ಖಜಾನೆಗಳನ್ನು ಒಂದು ಜಾಲಕ್ಕೆ ತಂದಿತು. ಶಾನುಭೋಗರ ಕಾಲದಿಂದಲೂ ಕಟ್ಟುಗಳಲ್ಲಿ ಅಡಗಿದ್ದ ಲೆಕ್ಕ ಪರದೆಯ ಮೇಲೆ ಕಾಣತೊಡಗಿದ್ದು ಸಣ್ಣ ಮಾತಲ್ಲ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಯಂತ್ರ ಪುಸ್ತಕವನ್ನು ನಕಲು ಮಾಡಿತು, ಊರನ್ನಲ್ಲ. ಸತ್ತವರ ಹೆಸರು, ಪಾಲಾಗದ ಹಿಸ್ಸೆ, ಹೆಣ್ಣುಮಕ್ಕಳ ಬರೆಯದ ಹಕ್ಕು ಎಲ್ಲವೂ ಇದ್ದಂತೆಯೇ ಒಳಹೋದವು. ಹಿಂದೆ ಸರಕಾರ ಈ ಪುಟ ನೋಡಿ ಯಾರಿಂದ ವಸೂಲು ಮಾಡಬೇಕೆಂದು ತಿಳಿಯುತ್ತಿತ್ತು. ಇಂದು ಅದನ್ನೇ ನೋಡಿ ಯಾರಿಗೆ ಕೊಡಬೇಕೆಂದು ತಿಳಿಯುತ್ತದೆ. ಬಜೆಟ್ಟಿನಲ್ಲಿ ಎಷ್ಟೇ ಹಣ ಇಟ್ಟರೂ ಅದು ಕೊನೆಗೆ ಹಾಯಬೇಕಾದದ್ದು ಈ ಕಿರಿದಾದ ಸಾಲಿನ ಮೂಲಕ.

ಕೊನೆಗೂ ಮರಣ ಪತ್ರ, ವಂಶವೃಕ್ಷ ಕೂಡಿಸಿಕೊಂಡು ನಾವು ಅರ್ಜಿ ಹಾಕಿದೆವು. ಹೊಸ ಪಹಣಿ ಕೈಗೆ ಬಂದಾಗ ಚಿಕ್ಕಪ್ಪ ತನ್ನ ಹೆಸರನ್ನು ನೋಡಲಿಲ್ಲ. ಅಜ್ಜನ ಹೆಸರಿದ್ದ ಹಳೆಯ ಹಾಳೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ.